ಮೂವತ್ತೈದು ಎಂಎಲ್ ಮೆಥನಾಲ್

ಹೋದ ಡಿಸೆಂಬರಿನಲ್ಲಿ ಸ್ಟ್ರೀಟ್ಸ್‌ವಿಲ್‌ನ ಗ್ಯಾಸ್ ಸ್ಟೇಷನ್ನಿನಲ್ಲಿ ಕಾರಿನ ಗಾಜು ತೊಳೆಯುವ ನೀಲಿ ನೀರಿನ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು ತುಂಬಿಸಲು ಹೇಳಿದೆ. ಅರ್ಧ ಕಾರಿಗೆ ಹಾಕಿ ಅರ್ಧ ನನ್ನ ಶೂ ಮೇಲೆ ಸುರಿದಳು. "ಅಮ್ಮಾ, ಇಟ್ ಸ್ಟಿಂಕ್ಸ್!" ಎಂದು ಮೂಗು ಮುಚ್ಚಿಕೊಂಡು ಕಾರಿನೊಳಗೆ ಓಡಿದಳು. ನಾನು ಆ ಚಳಿಯಲ್ಲಿ ಹಲ್ಲು ಕಡಿಯುತ್ತ ಅಲ್ಲೇ ನಿಂತೆ. ಆ ನೀಲಿ ನೀರು ಹೆಪ್ಪುಗಟ್ಟದಿರಲಿ ಎಂದು ಅದಕ್ಕೆ ಮೆಥನಾಲ್ ಬೆರೆಸಿರುತ್ತಾರೆ. ಮೆಥನಾಲಿನ ವಾಸನೆ ಬಂದರೆ ನನಗೆ ತೊಂಬತ್ತೇಳರ ಚಳಿಗಾಲ ನೆನಪಾಗುತ್ತದೆ, ಅದರ ಹಿಂದೆಯೇ ಸತ್ಯಮೂರ್ತಿಯವರ ಮುಖ ನೆನಪಾಗುತ್ತದೆ. ಕಾಲ ಕಳೆದಂತೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿಗೆ ನಿಜವಾದ ಸಿಟ್ಟು ಒಮ್ಮೆಯೂ ಬಂದಿರಲಿಕ್ಕಿಲ್ಲ. ಹತ್ತು ವರ್ಷದ ಮೇಲಾಯಿತು, ನನ್ನದು ಇಳಿದಿಲ್ಲ.

ನಾನು ಧಾರವಾಡದವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ತೊಂಬತ್ತಾರರಲ್ಲಿ ಇಲ್ಲಿಗೆ, ಈ ಹಿಮದ ದೇಶಕ್ಕೆ ಬಂದೆ. ಗಂಡ ಬಸವರಾಜ ಬ್ರಾಂಪ್ಟನ್ನಿನ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲು ಜೋಡಿಸುತ್ತಿದ್ದರು. ಸ್ಟ್ರೀಟ್ಸ್‌ವಿಲ್‌ನ ಯಾರದೋ ಬೇಸ್‌ಮೆಂಟಿನಲ್ಲಿ ನಮ್ಮ ಸಂಸಾರ. ಆ ವರ್ಷ ಎರಿನ್ ಮಿಲ್ಸ್‌ನಲ್ಲಿ ಒಬ್ಬರ ಮನೆಯ ಗಣಪತಿ ಪೂಜೆಯಲ್ಲಿ ಮೂರ್ತಿಯವರ ಪರಿಚಯವಾಯಿತು. ಮೈಸೂರಿನವರು, ಐವತ್ತರ ಹತ್ತಿರ, ಮೆಡೋವೇಲಿನಲ್ಲಿ ಔಷಧ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಮೇಲ್ವಿಚಾರಕರು. ನನ್ನ ಓದು ಕೇಳಿ ಖುಷಿಪಟ್ಟರು. "ನಮ್ಮ ಹುಡುಗಿ ಅಂದ್ಮೇಲೆ ನಾನಿದ್ದೀನಿ ಕಣಮ್ಮ. ಆದ್ರೆ ಅಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಿ. ನಿಮ್ಮ ಕಡೆ ಭಾಷೆ ಕೇಳಿದ್ರೆ ಜಗಳಕ್ಕೆ ನಿಂತ ಹಾಗಿರುತ್ತೆ," ಎಂದು ನಕ್ಕರು. ನಾನೂ ನಕ್ಕೆ. ಕೆಲಸ ಬೇಕಾದವರು ಏನಕ್ಕೂ ನಗುತ್ತಾರೆ.

ಕೆಲಸ ಕಾಂಟ್ರ್ಯಾಕ್ಟಿನದು. ಮೊದಲೆರಡು ತಿಂಗಳು ಗಾಜಿನ ಸಾಮಾನು ತೊಳೆದೆ. ನವೆಂಬರಿನಲ್ಲಿ ಮೂರ್ತಿಯವರು ಔಷಧದೊಳಗಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಒಂದು ಹಳೆಯ ಯಂತ್ರ ತೋರಿಸಿ, "ಇದನ್ನ ಓಡಿಸೋಕೆ ಬರುತ್ತಾ?" ಎಂದು ಕೇಳಿದರು. ಬರುತ್ತಿತ್ತು. ಅಂದಿನಿಂದ ನಾನು ಅದರ ಮುಂದೆಯೇ ಕೂತೆ.

ಆ ಯಂತ್ರದ ಜೀವವೆಲ್ಲ ಒಂದು ಉಕ್ಕಿನ ಕೊಳವೆಯಲ್ಲಿರುತ್ತದೆ. ಒಂದು ಗೇಣಿಗಿಂತ ತುಸು ಉದ್ದ, ಕಿರುಬೆರಳಿನಷ್ಟು ದಪ್ಪ. ಅದಕ್ಕೆ ಕಾಲಮ್ ಎನ್ನುತ್ತಾರೆ. ಒಳಗೆ ಹಿಟ್ಟಿಗಿಂತ ನುಣ್ಣಗಿನ ಮರಳಿನ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಬರೀ ಮರಳಾದರೆ ನೀರಿನ ಸ್ವಭಾವದ ವಸ್ತುಗಳನ್ನು ಹಿಡಿದು ನಿಲ್ಲಿಸುತ್ತದೆ, ಜಿಡ್ಡಿನವನ್ನು ಮುಂದೆ ಬಿಡುತ್ತದೆ. ಮೊದಲಿನ ಕಾಲಮ್ಮುಗಳೆಲ್ಲ ಹಾಗೆಯೇ ಇದ್ದವು. ಇದರಲ್ಲಿ ಒಂದೊಂದು ಕಣಕ್ಕೂ ಹದಿನೆಂಟು ಇಂಗಾಲದ ಉದ್ದನೆಯ ಜಿಡ್ಡಿನ ಎಳೆಗಳನ್ನು ಅಂಟಿಸಿರುತ್ತಾರೆ, ಹಾಗಾಗಿ ಸ್ವಭಾವವೇ ತಿರುಗಾಮುರುಗಾ ಆಗುತ್ತದೆ. ಅದಕ್ಕೇ ಈ ಪದ್ಧತಿಗೆ ರಿವರ್ಸ್ಡ್ ಫೇಸ್ ಎಂದು ಹೆಸರು. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪಂಪು ಭಾರೀ ಒತ್ತಡದಲ್ಲಿ ಕಾಲಮ್ಮಿನೊಳಗೆ ತಳ್ಳುತ್ತಲೇ ಇರುತ್ತದೆ. ಅದರೊಂದಿಗೆ ಔಷಧದ ಒಂದು ಹನಿ ಬಿಟ್ಟರೆ, ನೀರಿಗೆ ಒಗ್ಗಿದ ಅಣುಗಳು ನಿಲ್ಲದೆ ಓಡಿ ಹೊರಬೀಳುತ್ತವೆ. ಜಿಡ್ಡಿನ ಸ್ವಭಾವದವು ಆ ಎಳೆಗಳಿಗೆ ಅಂಟುತ್ತವೆ, ಬಿಡುತ್ತವೆ, ಮತ್ತೆ ಅಂಟುತ್ತವೆ, ತಡವಾಗಿ ಬರುತ್ತವೆ. ನಾನೂ ನನ್ನ ಗಂಡನೂ ಧಾರವಾಡದ ಪೇಟೆಗೆ ಹೋದ ಹಾಗೆ. ಅವರು ನೆಟ್ಟಗೆ ನಡೆದು ಆ ತುದಿಯಲ್ಲಿ ನಿಂತಿರುತ್ತಾರೆ, ನಾನು ಪ್ರತಿ ಸೀರೆ ಅಂಗಡಿಯ ಮುಂದೂ ನಿಂತು ಬರುತ್ತೇನೆ. ಕಾಲಮ್ಮಿನ ಕೊನೆಯಲ್ಲಿ ಒಂದು ದೀಪ ಇರುತ್ತದೆ. ಅದರ ಮುಂದೆ ಏನಾದರೂ ಹಾದುಹೋದರೆ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತದೆ. ದ್ರವದಲ್ಲಿ ಮೆಥನಾಲ್ ಹೆಚ್ಚಾದರೆ ಅಂಟಿದವು ಬೇಗ ಬಿಟ್ಟುಕೊಡುತ್ತವೆ, ಗುಡ್ಡಗಳು ಮುಂದೆ ಸರಿದು ಒಂದರ ಮೇಲೊಂದು ಬೀಳುತ್ತವೆ. ಕಡಿಮೆಯಾದರೆ ದೂರ ದೂರ ನಿಲ್ಲುತ್ತವೆ, ಆದರೆ ಕಾಯುತ್ತ ಕೂರಬೇಕು.

ನನಗೆ ಕೊಟ್ಟದ್ದು ರಕ್ತದೊತ್ತಡದ ಒಂದು ಮಾತ್ರೆ. ಅದು ಹಳೆಯದಾದಂತೆ ಒಳಗೆ ಒಂದು ಕೆಟ್ಟ ವಸ್ತು ಹುಟ್ಟುತ್ತಿತ್ತು. ಎಷ್ಟು ಹುಟ್ಟಿದೆ ಎಂದು ಅಳೆಯಬೇಕಾದರೆ ಔಷಧದ ಗುಡ್ಡವೂ ಆ ಕೆಟ್ಟದ್ದರ ಗುಡ್ಡವೂ ಬೇರೆ ಬೇರೆ ಕಾಣಬೇಕು. ಎರಡೂ ಅಕ್ಕತಂಗಿಯರ ಹಾಗೆ ಕೈಹಿಡಿದೇ ಹೊರಬರುತ್ತಿದ್ದವು. ನವೆಂಬರ್ ಹೋಯಿತು, ಕ್ರಿಸ್ಮಸ್ ಹೋಯಿತು. ಬಸ್ಸಿನಿಂದ ಇಳಿದು ಹಿಮದಲ್ಲಿ ಕಾಲು ಹೂತುಕೊಂಡು ಹೋಗಿ, ಕೋಟು ತೆಗೆಯುವ ಮೊದಲೇ ಪಂಪಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದೇ ಪರ್ಸೆಂಟು ಬದಲಿಸಿ, ಆಮ್ಲ ಬದಲಿಸಿ, ಬಿಸಿ ಬದಲಿಸಿ ನೋಡಿದೆ. ಫೆಬ್ರವರಿಯ ಒಂದು ಮಧ್ಯಾಹ್ನ ಹೊರಗೆ ಹಿಮ ಸುರಿಯುತ್ತಿದ್ದಾಗ ಎರಡು ಗುಡ್ಡಗಳು ಬೇರೆಯಾಗಿ ನಿಂತವು, ನಡುವಿನ ಕಣಿವೆ ನೆಲ ಮುಟ್ಟಿತ್ತು. ನೀರು ಐವತ್ತೈದು, ಮೆಥನಾಲ್ ನಲವತ್ತೈದು. ನಲವತ್ತೇಳಕ್ಕೆ ಹೋದರೆ ಎರಡೂ ಕೂಡಿಹೋಗುತ್ತಿದ್ದವು. ನಾನು ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಇಲ್ಲಿ ಒಂದು ಸಣ್ಣ ಮಾತು ಹೇಳಬೇಕು, ಇಡೀ ಕಥೆ ಅದರ ಮೇಲೆ ನಿಂತಿದೆ. ಅರ್ಧ ಲೀಟರ್ ನೀರಿಗೆ ಅರ್ಧ ಲೀಟರ್ ಮೆಥನಾಲ್ ಹಾಕಿದರೆ ಒಂದು ಲೀಟರ್ ಆಗುವುದಿಲ್ಲ. ಬಾಟಲಿ ಕೈಗೆ ಬೆಚ್ಚಗಾಗುತ್ತದೆ, ದ್ರವ ಕುಗ್ಗುತ್ತದೆ. ಧಾರವಾಡದಲ್ಲಿ ನಮ್ಮ ಪ್ರಾಕ್ಟಿಕಲ್ ಮಾಸ್ತರು ಮೊದಲ ದಿನವೇ ಒಂದು ಲೋಟ ಕಡಲೆಗೆ ಒಂದು ಲೋಟ ಸಾಸಿವೆ ಸುರಿದು ತೋರಿಸಿದ್ದರು. "ಎರಡು ಲೋಟ ಆತೇನ? ಆಗಂಗಿಲ್ಲ. ಸಂದ್ಯಾಗ ಹೊಕ್ಕು ಕುಂದರ್ತಾವ. ಬ್ಯಾರೆ ಬ್ಯಾರೆ ಅಳದು ಆಮ್ಯಾಲೆ ಕೂಡಸ್ರಿ," ಎಂದಿದ್ದರು. ಹಾಗಾಗಿ ನಾನು ಎರಡನ್ನೂ ಬೇರೆ ಬೇರೆ ಅಳೆದೇ ಬೆರೆಸುತ್ತಿದ್ದೆ. ಐನೂರೈವತ್ತು ಎಂಎಲ್ ನೀರಿನ ಮೇಲೆ ಮೆಥನಾಲನ್ನು ನೇರ ಸುರಿದು ಲೀಟರಿನ ಗೆರೆ ಮುಟ್ಟಿಸಿದರೆ, ಕುಗ್ಗಿದ ಜಾಗಕ್ಕೆ ಇನ್ನೂ ಮೂವತ್ತೈದು ಎಂಎಲ್ ಮೆಥನಾಲ್ ಹೆಚ್ಚಿಗೆ ಹೋಗುತ್ತದೆ. ನಲವತ್ತೈದು ಇದ್ದದ್ದು ನಲವತ್ತೇಳಾಗುತ್ತದೆ. ಮೂರ್ತಿಯವರು ಹಾಗೆ ಗೆರೆ ಮುಟ್ಟಿಸಿ ಸುರಿಯುವುದನ್ನು ನಾನು ನವೆಂಬರಿನಲ್ಲೇ ಒಮ್ಮೆ ನೋಡಿದ್ದೆ. ದೊಡ್ಡವರು, ಹೇಳುವುದು ಹೇಗೆ ಎಂದು ಸುಮ್ಮನಿದ್ದೆ.

ಮಾರ್ಚಿನಲ್ಲಿ ಪರೀಕ್ಷಾ ವಿಧಾನದ ಕಾಗದ ಟೈಪಾಗಿ ಬಂತು. ತಯಾರಿಸಿದವರು ಎಂಬಲ್ಲಿ ಎಸ್. ಮೂರ್ತಿ. ಮೊದಲಿನಿಂದ ಕೊನೆವರೆಗೆ ಎರಡು ಸಲ ಓದಿದೆ, ನನ್ನ ಹೆಸರು ಎಲ್ಲೂ ಇರಲಿಲ್ಲ. ಏಪ್ರಿಲಿನಲ್ಲಿ ಒಂದು ಕಾಯಂ ಕೆಮಿಸ್ಟ್ ಹುದ್ದೆ ತುಂಬುವವರಿದ್ದರು. ಆ ಕಾಗದದ ಮೇಲೆ ಹೆಸರಿದ್ದರೆ ಅದು ನನಗೆ ಸಿಗುತ್ತಿತ್ತು. ಇಲ್ಲದಿದ್ದರೆ ಕಾಂಟ್ರ್ಯಾಕ್ಟ್ ಮುಗಿದು ಮನೆಗೆ ಹೋಗಬೇಕು.

"ಸರ್, ನನ್ನ ಹೆಸರು ಬಿಟ್ಟೈತ್ರಿ," ಎಂದೆ.

"ಕಾಂಟ್ರ್ಯಾಕ್ಟಲ್ಲಿ ಇರೋರ ಹೆಸರು ಹಾಕೋಕೆ ಬರಲ್ಲಮ್ಮ. ಇಲ್ಲಿನ ಪದ್ಧತಿ. ಬೇಜಾರು ಮಾಡ್ಕೋಬೇಡಿ, ನಾನು ನೋಡ್ಕೋತೀನಲ್ಲ," ಎಂದರು.

ಅಂಥ ಪದ್ಧತಿ ಯಾವುದೂ ಇರಲಿಲ್ಲ. ಎರಡು ದಿನದ ನಂತರ ಕಾಫಿ ಯಂತ್ರದ ಹತ್ತಿರ ಡೈರೆಕ್ಟರಿಗೆ ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ಹುಡುಗಿಯ ಕೈ ಚೆನ್ನಾಗಿದೆ, ತಲೆ ಮಾತ್ರ ನಾವು ಕೊಡಬೇಕಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನದಿಂದ ನನ್ನನ್ನು ಮತ್ತೆ ಸಿಂಕಿಗೆ ಕಳಿಸಿದರು. ಬಿಸಿನೀರಿನಲ್ಲಿ ಬಾಟಲಿ ತೊಳೆಯುತ್ತ, ಮೈಯೆಲ್ಲ ಉರಿಯುತ್ತ, ಈ ಮನುಷ್ಯನನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಅವಕಾಶವನ್ನು ಅವರೇ ತಂದುಕೊಟ್ಟರು. "ಗಿರಿಜಾ, ದ್ರಾವಣ ಮಾಡೋ ಕ್ರಮ ಒಂದು ಹಾಳೇಲಿ ನೀಟಾಗಿ ಬರ್ಕೊಡಿ. ನಾನೇ ಓಡಿಸ್ಬೇಕು, ಮಾತ್ರೆ ಕಂಪನಿಯೋರು ಬರ್ತಾರೆ." ನನ್ನ ನೋಟುಬುಕ್ಕಿನಲ್ಲಿ ಎಲ್ಲ ವಿವರವಾಗಿತ್ತು: ಇಷ್ಟು ನೀರು, ಇಷ್ಟು ಮೆಥನಾಲ್, ಬೇರೆ ಬೇರೆ ಅಳೆಯಬೇಕು. ಅದನ್ನು ಓದುವ ತೊಂದರೆ ಅವರು ತೆಗೆದುಕೊಂಡಿರಲಿಲ್ಲ. ನಾನು ಹಾಳೆಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದೆ: ನೀರು ಮತ್ತು ಮೆಥನಾಲ್, ಐವತ್ತೈದು ನಲವತ್ತೈದು, ಒಂದು ಲೀಟರ್. ಅಷ್ಟೇ. ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಬಿಟ್ಟದ್ದನ್ನು ಬೇಕೆಂದೇ ಬಿಟ್ಟೆ.

ಬುಧವಾರ ಬೆಳಗ್ಗೆ ಅವರು ದ್ರಾವಣ ಮಾಡಿದರು. ನಾನು ಸಿಂಕಿನ ಹತ್ತಿರ ನಿಂತಿದ್ದೆ. ದೊಡ್ಡ ಅಳತೆಯ ಸಿಲಿಂಡರಿಗೆ ನೀರು ಹಾಕಿದರು. ಅದರ ಮೇಲೆ ಮೆಥನಾಲ್ ಸುರಿದರು, ಬಗ್ಗಿ ಗೆರೆ ನೋಡಿದರು, ಇನ್ನೊಂದಿಷ್ಟು ಸುರಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ತೊಳೆದ ಬಾಟಲಿಯನ್ನೇ ಮತ್ತೆ ತೊಳೆದೆ. ಈಗ ಗುಡ್ಡಗಳು ಕೂಡಿಹೋಗುತ್ತವೆ, ವಿಧಾನ ಕೈಕೊಡುತ್ತದೆ, ಇವರಿಗೆ ಸರಿಪಡಿಸಲು ಬರುವುದಿಲ್ಲ, ನನ್ನ ಹತ್ತಿರ ಬಂದೇ ಬರುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಆದದ್ದೇ ಬೇರೆ. ಮರುದಿನ ಬೆಳಗ್ಗೆ ಮೂರ್ತಿಯವರು ಚಾರ್ಟಿನ ಕಂತೆ ಹಿಡಿದು ಹಲ್ಲು ಬಿಡುತ್ತ ಬಂದರು. "ನೋಡಿಮ್ಮ, ಹದಿನೆಂಟು ತಿಂಗಳು ಹಳೇ ಮಾತ್ರೆ, ಎಷ್ಟು ಕ್ಲೀನಾಗಿದೆ!" ಎಲ್ಲ ಚಾರ್ಟಿನಲ್ಲೂ ಒಂದೇ ಒಂದು ಚೆಂದದ ಗುಡ್ಡ. ಕೆಟ್ಟ ವಸ್ತು ಹೋಗಿರಲಿಲ್ಲ, ಔಷಧದ ಗುಡ್ಡದ ಅಡಿಯಲ್ಲಿ ಅಡಗಿ ಕೂತಿತ್ತು. ಮೊದಲು ಔಷಧ, ಕೆಟ್ಟ ವಸ್ತು ಎರಡೂ ಬೆರೆಸಿದ ಪರೀಕ್ಷೆಯ ದ್ರಾವಣ ಓಡಿಸಿ, ಗುಡ್ಡಗಳು ಬೇರೆಯಾಗುತ್ತವೆಯೇ ಎಂದು ನೋಡಬೇಕೆಂಬುದು ನಿಯಮ. ಅವಸರದಲ್ಲಿ ಅದನ್ನು ಬಿಟ್ಟು, ಆ ಜಾಗದಲ್ಲಿ ನನ್ನ ಫೆಬ್ರವರಿಯ ಚಾರ್ಟನ್ನೇ ಅಂಟಿಸಿದ್ದರು. ಡೈರೆಕ್ಟರ್ ಅವರ ಬೆನ್ನು ತಟ್ಟಿದ. ನಾನು ತೋಡಿದ ಗುಂಡಿಗೆ ಅವರು ಬೀಳಲಿಲ್ಲ, ಅದರ ಮೇಲೆ ಮೆರವಣಿಗೆ ಹೋದರು.

ಸಂಜೆ ಬಸವರಾಜರಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಅವನ ಹೆಸರು ಹಾಳಾಗಿ ಹೋಗ್ಲಿ. ಗುಳಗಿ ಕೆಟ್ಟಾವ ಅಂದ್ರ ತಗೊಳ್ಳೋ ಮಂದಿ ಗತಿ ಏನ? ನಮ್ಮವ್ವನೂ ಬಿಪಿ ಗುಳಗಿ ನುಂಗ್ತಾಳ. ನಾಳಿಗೇ ಹೇಳಿಬಿಡು."

"ಹೇಳ್ತೇನ್ರಿ. ಮುಂದಿನ ಗುರುವಾರ ಕಂಪನಿಯವ್ರು ಬರ್ತಾರ, ಅವ್ರ ಮುಂದ ಹೇಳ್ತೇನಿ. ಅಲ್ಲೀತನಕ ವರದಿ ಎಲ್ಲೂ ಹೋಗಂಗಿಲ್ಲ."

"ಅಷ್ಟು ದಿನ ತಡಿಯೂದು ಯಾಕ?"

"ಈಗ ಹೇಳಿದ್ರ ಬಾಗಲಾ ಹಾಕ್ಕೊಂಡು ಸರಿಮಾಡ್ಕೋತಾರ. ನನ್ನ ಹೆಸರು ಆಗೂ ಬರಂಗಿಲ್ಲ."

ಅವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಆ ಎಂಟು ದಿನ ನಾನು ದಿನಕ್ಕೆ ಮೂರು ಸಲ ವರದಿಯ ಫೈಲು ಮೂರ್ತಿಯವರ ಮೇಜಿನ ಮೇಲೇ ಇದೆಯೇ ಎಂದು ನೋಡಿ ಬರುತ್ತಿದ್ದೆ. ಒಂದು ಫ್ಯಾಕ್ಸ್ ಸಾಕಿತ್ತು ಅದು ಹೊರಗೆ ಹೋಗಲು. ಅಷ್ಟು ತಿಳಿದೂ ಬಾಯಿ ಬಿಡಲಿಲ್ಲ. ಸೇಡಿನ ರುಚಿ ಅಷ್ಟಿತ್ತು.

ಗುರುವಾರ ಮಾತ್ರೆ ಕಂಪನಿಯಿಂದ ಇಬ್ಬರು ಬಂದರು. ಅವರ ಜೊತೆ ಡೈರೆಕ್ಟರ್, ನಮ್ಮ ಗುಣಮಟ್ಟ ವಿಭಾಗದ ಒಕ್ಸಾನಾ, ಮುಂದೆ ಮೂರ್ತಿಯವರು. ಒಕ್ಸಾನಾ ಉಕ್ರೇನಿನವಳು, ಕಾಗದದಲ್ಲಿ ಒಂದು ಚುಕ್ಕೆ ತಪ್ಪಿದರೂ ಬಿಡದವಳು. ಎಲ್ಲರೂ ನನ್ನ ಯಂತ್ರದ ಮುಂದೆ ನಿಂತಾಗ ಕೈ ಒರೆಸಿಕೊಂಡು ಹೋಗಿ, ಈ ದ್ರಾವಣ ಮಾಡುವುದನ್ನು ತೋರಿಸಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅತಿಥಿಗಳು ತಲೆಯಾಡಿಸಿದರು. ಮೂರ್ತಿಯವರ ಕಡೆ ತಿರುಗಿ, ಬೇಕೆಂದೇ ಕನ್ನಡದಲ್ಲಿ, ಜಗಳಕ್ಕೆ ನಿಂತ ಭಾಷೆಯಲ್ಲೇ ಹೇಳಿದೆ: "ಸರ್, ಮದಲ ನೀವು ಮಾಡ್ರಿ. ಹ್ಯಾಂಗ ಮಾಡ್ತೀರಿ, ಎಲ್ಲಾರೂ ನೋಡ್ಲಿ."

ಅವರು ನಗುತ್ತಲೇ ಮಾಡಿದರು, ಗೆರೆ ಮುಟ್ಟಿಸಿ. ನಾನು ಸಣ್ಣ ಸಿಲಿಂಡರುಗಳಲ್ಲಿ ಎರಡನ್ನೂ ಬೇರೆ ಬೇರೆ ಅಳೆದು ಎಲ್ಲರಿಗೂ ತೋರಿಸಿ, ದೊಡ್ಡದಕ್ಕೆ ಒಟ್ಟಿಗೆ ಸುರಿದೆ. ದ್ರವ ಗೆರೆಯ ಕೆಳಗೇ ನಿಂತಿತು. ಅತಿಥಿಗಳಲ್ಲಿ ಒಬ್ಬಾಕೆ ಬಗ್ಗಿ ನೋಡಿ, "ಮೂವತ್ತೈದು ಎಂಎಲ್ ಕಡಿಮೆ," ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಆದರೂ ಎರಡೂ ದ್ರಾವಣಗಳಲ್ಲಿ ಅದೇ ಹಳೆಯ ಮಾತ್ರೆಯನ್ನು ಓಡಿಸಿದೆ. ಅವರು ಊಟ ಮಾಡಿ ಬರುವಷ್ಟರಲ್ಲಿ ಚಾರ್ಟುಗಳು ಸಿದ್ಧವಾಗಿದ್ದವು. ಮೂರ್ತಿಯವರ ದ್ರಾವಣದಲ್ಲಿ ಒಂದು ಗುಡ್ಡ, ನನ್ನದರಲ್ಲಿ ಎರಡು. ಎರಡನೆಯದು ಇರಬೇಕಾದ್ದಕ್ಕಿಂತ ಎಷ್ಟೋ ಎತ್ತರ ಇತ್ತು. ಒಕ್ಸಾನಾ ಮೂರ್ತಿಯವರ ಹಳೆಯ ಫೈಲು ತೆರೆದು, ಫೆಬ್ರವರಿಯ ತಾರೀಖಿದ್ದ ಚಾರ್ಟಿನ ಮೇಲೆ ಬೆರಳಿಟ್ಟು, "ಇದು ಯಾರದು?" ಎಂದಳು. "ನನ್ನದು," ಎಂದೆ. ಮೂರ್ತಿಯವರ ಕಿವಿ ಕೆಂಪಾದದ್ದನ್ನು ಕಣ್ಣು ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು. ಅದಕ್ಕಿಂತ ಒಳ್ಳೆಯ ದಿನ ನನ್ನ ಬಾಳಿನಲ್ಲಿ ಹೆಚ್ಚಿಲ್ಲ, ಸುಳ್ಳು ಯಾಕೆ ಹೇಳಲಿ.

ಕಾರಿಡಾರಿನಲ್ಲಿ ಅವರು ನನ್ನನ್ನು ತಡೆದರು. "ಒಂದು ಮಾತು ನನಗೆ ಹೇಳ್ಬಹುದಿತ್ತಲ್ಲಮ್ಮ. ನಾವು ನಾವು."

"ಒಂದು ಹೆಸರು ನೀವು ಬರೀಬಹುದಿತ್ತಲ್ರೀ, ಸರ್."

ಸಂಜೆ ಒಕ್ಸಾನಾ ತಪ್ಪಿನ ವರದಿಯ ಕಾಗದ ತೆಗೆದು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡಳು. ಪತ್ತೆ ಮಾಡಿದವರು ಎಂಬಲ್ಲಿ ನನ್ನ ಹೆಸರನ್ನು ತಾನೇ ದೊಡ್ಡದಾಗಿ ಬರೆದಳು. ಅದರ ಕೆಳಗಿನ ಸಾಲು: ತಪ್ಪು ಮೊದಲು ಗಮನಕ್ಕೆ ಬಂದ ದಿನ. ಪೆನ್ನು ನನ್ನ ಕಡೆ ತಳ್ಳಿದಳು. ನಿಜ ಬರೆದರೆ ಎಂಟು ದಿನ ಔಷಧದ ಸುಳ್ಳು ಫಲಿತಾಂಶ ತಿಳಿದೂ ಮುಚ್ಚಿಟ್ಟವಳಾಗುತ್ತೇನೆ. ಕಾಯಂ ಹುದ್ದೆ ಇರಲಿ, ಬಾಟಲಿ ತೊಳೆಯಲೂ ಯಾವ ಲ್ಯಾಬೂ ಕರೆಯುವುದಿಲ್ಲ. ನಾನು ಗುರುವಾರದ ತಾರೀಖು ಬರೆದೆ.

"ಇವತ್ತೇ ಗೊತ್ತಾದದ್ದಾ?" ಎಂದಳು ಒಕ್ಸಾನಾ.

"ಹೌದು."

ಅದಕ್ಕೆ ಮೇಲ್ವಿಚಾರಕರ ಸಹಿ ಬೇಕಿತ್ತು. ಮೂರ್ತಿಯವರು ಕಾಗದ ಎಳೆದುಕೊಂಡು ನಿಧಾನವಾಗಿ ಓದಿದರು. ತಾರೀಖಿನ ಹತ್ತಿರ ನಿಂತು, ತಲೆ ಎತ್ತದೆ ಕನ್ನಡದಲ್ಲಿ ಹೇಳಿದರು: "ಹೋದ ವಾರ, ಬುಧವಾರ, ಸಿಂಕ್ ಹತ್ರ ನಿಂತು ನೋಡ್ತಾ ಇದ್ರಿ. ತೊಳೆದಿದ್ದ ಬಾಟಲೀನೇ ತೊಳೀತಿದ್ರಿ."

ಏನೆನ್ನುತ್ತಿದ್ದಾರೆ ಎಂದು ಒಕ್ಸಾನಾ ಕೇಳಿದಳು. ತಮ್ಮ ಅಳತೆಯೇ ತಪ್ಪಿತ್ತು ಎಂದು ಹೇಳುತ್ತಿದ್ದುದಾಗಿ ಮೂರ್ತಿಯವರು ಇಂಗ್ಲಿಷಿನಲ್ಲಿ ಉತ್ತರಿಸಿ ಸಹಿ ಹಾಕಿದರು. ಪೆನ್ನು ಮುಚ್ಚುತ್ತ ನನಗೆ, "ಹೆಸರು ಬೇಕು ಅಂದ್ರಲ್ಲ, ತಗೊಳ್ಳಿ. ನಂದೂ ಪಕ್ಕದಲ್ಲೇ ಹಾಕಿದೀನಿ," ಎಂದರು.

ಅವರು ಜೂನಿನಲ್ಲಿ ಕೆಲಸ ಬಿಟ್ಟರು. ಹುದ್ದೆ ನನಗೆ ಸಿಕ್ಕಿತು, ವಿಧಾನದ ಎರಡನೆಯ ಆವೃತ್ತಿಯಲ್ಲಿ ನನ್ನ ಹೆಸರು ಬಂತು. ಈಗ ಅವರ ಕುರ್ಚಿಯಲ್ಲೇ ಕೂರುತ್ತೇನೆ. ಆ ಸಹಿಯ ವಿಷಯ ಬಂದರೆ ಬಸವರಾಜರು, "ಭಾಳ ದೊಡ್ಡ ಮನಶ್ಯಾ ಬಿಡು," ಎನ್ನುತ್ತಾರೆ. ನನಗೆ ಅದನ್ನು ಕೇಳಿದರೆ ಮೈ ಇನ್ನೂ ಉರಿಯುತ್ತದೆ. ಅವರು ಕದ್ದದ್ದನ್ನು ನಾನು ನಾಲ್ಕು ಜನರ ಮುಂದೆ ಕಿತ್ತು ವಾಪಸು ತೆಗೆದುಕೊಂಡೆ. ಅವರು ಕೊಟ್ಟದ್ದನ್ನು ಮಾತ್ರ ಇಷ್ಟು ವರ್ಷ ಯಾರ ಮುಂದೆಯೂ ಎತ್ತಲಾಗದೆ ಹೊತ್ತು ತಿರುಗಿದ್ದೇನೆ, ಎತ್ತಬೇಕಾದರೆ ತಾರೀಖು ಹೇಳಬೇಕಲ್ಲ. ಈ ಬರಹ ಅಚ್ಚಾದ ಮೇಲೆ ನನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ, ಅದನ್ನು ಒಕ್ಸಾನಾ ನೋಡಿಕೊಳ್ಳಲಿ. ನಿಮ್ಮ ಉಪಕಾರದಲ್ಲಿ ಸಾಯಲು ನಾನು ತಯಾರಿಲ್ಲ, ಮೂರ್ತಿ ಸರ್. ನನಗೆ ತಿಳಿದದ್ದು ಆ ಗುರುವಾರ ಅಲ್ಲ, ಹಿಂದಿನ ವಾರದ ಬುಧವಾರ. ನಿಮ್ಮ ಸಹಿ ನೀವು ವಾಪಸು ತೆಗೆದುಕೊಳ್ಳಿ.